ವಾರಕ್ಕೊಂದು ಸಂಜೆ

ಜೂನ್ ಮೊದಲ ವಾರ ಮೈಸೂರಿನ ಯಾವ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಕೂತರೂ ಒಂದು ಮಾತು ಕಿವಿಗೆ ಬೀಳುತ್ತದೆ: ‘ರಜೆಗೆ ಮುಂಚೆ ಈ ಹುಡುಗ ಹೀಗಿರಲಿಲ್ಲ.’ ಹಾಗೆಂದವರಿಗೆ ಮುಂದಕ್ಕೆ ಯೋಚಿಸಲು ಪುರುಸೊತ್ತಿರುವುದಿಲ್ಲ. ದಾಖಲಾತಿ, ಪಠ್ಯಪುಸ್ತಕ, ಸಮವಸ್ತ್ರ, ಬಿಸಿಯೂಟದ ಲೆಕ್ಕ ಎಲ್ಲ ಒಟ್ಟಿಗೇ ಮೈಮೇಲೆ ಬಂದಿರುತ್ತದೆ. ಅಷ್ಟರಲ್ಲಿ ಹುಡುಗ ಹಿಂದಿನ ಬೆಂಚಿಗೆ ಹೋಗಿ ಕೂತಿರುತ್ತಾನೆ. ತಿಂಗಳು ಕಳೆಯುವುದರೊಳಗೆ ಯಾರಿಗೋ ಹೊಡೆದಿರುತ್ತಾನೆ. ಗಣೇಶನ ಹಬ್ಬದ ಹೊತ್ತಿಗೆ ಅವನಿಗೊಂದು ಹೆಸರು ಬಿದ್ದುಬಿಟ್ಟಿರುತ್ತದೆ, ಆಮೇಲೆ ಅವನು ಏನು ಮಾಡಿದರೂ ಆ ಹೆಸರಿನ ಖಾತೆಗೇ ಜಮಾ.

ಆ ರಜೆಯಲ್ಲಿ ಏನಾಯಿತು ಎಂದು ಕೇಳಬೇಕಾದ ಕಾಲ ಬಂದಿದೆ. ಕೋವಿಡ್‌ನ ಎರಡನೇ ಅಲೆ ನಮ್ಮ ಸೀಮೆಯನ್ನು ಬಡಿದದ್ದು 2021ರ ಏಪ್ರಿಲ್, ಮೇ, ಜೂನ್‌ನಲ್ಲಿ. ಆ ತಿಂಗಳುಗಳಲ್ಲಿ ಅಪ್ಪನನ್ನೋ ಅಮ್ಮನನ್ನೋ ಕಳೆದುಕೊಂಡ ಮಕ್ಕಳ ಪಾಲಿಗೆ ಆ ದಿನ ಪ್ರತಿವರ್ಷ ತಿರುಗಿ ಬರುವುದು ಬಹುಪಾಲು ಬೇಸಿಗೆ ರಜೆಯಲ್ಲೇ. ಮೇಷ್ಟ್ರ ಕಣ್ಣಿಗೆ ಬೀಳದ, ಗೆಳೆಯರೆಲ್ಲ ಅಜ್ಜಿ ಮನೆಗೆ ಹೋಗಿರುವ, ಕೈಯಲ್ಲಿ ಮೊಬೈಲ್ ಬಿಟ್ಟರೆ ಬೇರೇನೂ ಇಲ್ಲದ ದಿನಗಳಲ್ಲಿ. ಆಗ ಒಂಬತ್ತು, ಹತ್ತು ವರ್ಷದವರಾಗಿದ್ದ ಮಕ್ಕಳು ಈಗ ಹದಿನಾಲ್ಕು, ಹದಿನೈದಕ್ಕೆ ಕಾಲಿಟ್ಟಿದ್ದಾರೆ. ಹನ್ನೊಂದು, ಹನ್ನೆರಡರವರು ಪಿಯುಸಿ ಮೆಟ್ಟಿಲಲ್ಲಿದ್ದಾರೆ, ಹದಿನೆಂಟು ಅವರಿಗೆ ದೂರವಿಲ್ಲ. ನುಂಗಿಕೊಂಡ ದುಃಖ ಹದಿಹರೆಯದಲ್ಲಿ ಮೇಲೆ ಬರುತ್ತದೆ, ಮತ್ತು ಅದು ದುಃಖದ ಮುಖ ಹೊತ್ತು ಬರುವುದಿಲ್ಲ. ಈ ಸಂಪಾದಕೀಯವನ್ನು ಇಂದೇ ಬರೆಯುತ್ತಿರುವುದು ಅದಕ್ಕಾಗಿ. ಇನ್ನು ಎರಡು ಮೂರು ವರ್ಷ ಬಿಟ್ಟು ಬರೆದರೆ ಅದು ಅಪರಾಧ ಸುದ್ದಿಯ ಪುಟದಲ್ಲಿ ಬರಬೇಕಾದೀತು.

ಆ ಸಾವುಗಳು ಹೇಗಿದ್ದವೆಂದು ನಾವು ಬಹಳ ಬೇಗ ಮರೆತಿದ್ದೇವೆ. ಮೇ 2ರ ರಾತ್ರಿಯಿಂದ 3ರ ಬೆಳಗಿನೊಳಗೆ, ಪಕ್ಕದ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ ಜನ ಸತ್ತರು. ಸರ್ಕಾರ ಮೊದಲು ಹೇಳಿದ ಸಂಖ್ಯೆ 24. ಹೈಕೋರ್ಟ್ ಸೂಚನೆಯಂತೆ ರಚನೆಯಾದ ಸಮಿತಿಯ ವರದಿಯಲ್ಲಿ ಅದು 36 ಆಯಿತು. ಸಿಲಿಂಡರಿಗಾಗಿ ಆ ರಾತ್ರಿ ಎಲ್ಲರೂ ದಾರಿ ಕಾಯುತ್ತಿದ್ದದ್ದು ಮೈಸೂರಿನ ಕಡೆಯಿಂದ. ಅದೇ ವರ್ಷದ ಜೂನ್‌ನಲ್ಲಿ, ಬೆಂಗಳೂರಿನಲ್ಲಿ ಕೇಳುವವರಿಲ್ಲದೆ ಉಳಿದಿದ್ದ ನೂರಾರು ಅಸ್ಥಿಕಲಶಗಳನ್ನು ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಗೆ ತಂದು ಸರ್ಕಾರವೇ ಮುಂದೆ ನಿಂತು ಕಾವೇರಿಯಲ್ಲಿ ಬಿಟ್ಟಿತು. ಒಬ್ಬ ಮನುಷ್ಯ ಆ್ಯಂಬುಲೆನ್ಸ್ ಹತ್ತಿ ಹೋದ, ಮತ್ತೆ ಮನೆಗೆ ಬಂದದ್ದು ಒಂದು ಫೋನ್ ಕರೆ ಮಾತ್ರ. ಮುಖ ನೋಡಲಿಲ್ಲ. ಬಾಯಿಗೆ ನೀರು ಬಿಡಲಿಲ್ಲ. ನಮ್ಮ ಕಡೆ ಮೂರನೇ ದಿನ ಹಾಲು ತುಪ್ಪ ಬಿಡುತ್ತೇವೆ, ಹನ್ನೊಂದಕ್ಕೆ ತಿಥಿ ಮಾಡಿ ಊರವರಿಗೆ ಅನ್ನ ಹಾಕುತ್ತೇವೆ. ಆ ಗದ್ದಲದಲ್ಲಿ ಮಗುವೊಂದು ಯಾರದೋ ಮಡಿಲಲ್ಲಿ ಅತ್ತು ನಿದ್ದೆ ಹೋಗುತ್ತದೆ. 2021ರ ಮಕ್ಕಳಿಗೆ ಆ ಮಡಿಲು ಸಿಗಲಿಲ್ಲ. ಬಾಗಿಲ ಮೇಲೆ ಕ್ವಾರಂಟೈನ್ ಚೀಟಿ ಇತ್ತು, ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡಿದ್ದರು.

ಆಮೇಲೆ ಶಾಲೆ ತೆರೆಯಿತು. ‘ಮಕ್ಕಳು ಬೇಗ ಮರೀತಾರೆ ಬಿಡಿ’ ಎಂದೆವು. ಮಗು ಆಟ ಆಡಿತು, ನಕ್ಕಿತು, ಅಂಕ ತೆಗೆಯಿತು. ನಾವು ನಿಟ್ಟುಸಿರು ಬಿಟ್ಟೆವು. ಆದರೆ ಒಂಬತ್ತರ ಮಗು ಸಾವನ್ನು ತಿಳಿದುಕೊಳ್ಳುವ ರೀತಿಯೇ ಬೇರೆ. ‘ಅಪ್ಪ ಬರಲ್ಲ’ ಎಂಬುದು ಅದಕ್ಕೆ ಗೊತ್ತು. ‘ನಾನು ಕಾಲೇಜಿಗೆ ಸೇರುವ ದಿನವೂ ಬರಲ್ಲ, ನನಗೆ ಮೀಸೆ ಚಿಗುರಿದ್ದನ್ನು ನೋಡಲ್ಲ, ಅಮ್ಮನ ಮೇಲೆ ನಾನು ಕೂಗಾಡಿದಾಗ ತಡೆಯಲು ಇರಲ್ಲ’ ಎಂಬುದು ತಿಳಿಯುವುದು ಹದಿನೈದಕ್ಕೆ. ಅದೇ ಸಾವು ಎರಡನೇ ಸಲ ನಡೆಯುತ್ತದೆ. ಈ ಸಲ ಸಮಾಧಾನ ಹೇಳಲು ಯಾರೂ ಬರುವುದಿಲ್ಲ. ‘ಆಗಿ ಎಷ್ಟೋ ವರ್ಷ ಆಯ್ತಲ್ಲ!’

ಅಮೆರಿಕದಲ್ಲಿ ವಿಲಿಯಂ ವರ್ಡನ್, ಫಿಲಿಸ್ ಸಿಲ್ವರ್‌ಮನ್ ಎಂಬ ಇಬ್ಬರು ತಜ್ಞರು, ಅಪ್ಪ ಅಥವಾ ಅಮ್ಮನನ್ನು ಕಳೆದುಕೊಂಡ ಶಾಲಾ ವಯಸ್ಸಿನ ಮಕ್ಕಳನ್ನು ಎರಡು ವರ್ಷ ಬಿಡದೆ ಗಮನಿಸಿದರು. ಹೆಚ್ಚಿನ ಮಕ್ಕಳು ನಿಧಾನವಾಗಿ ಚೇತರಿಸಿಕೊಂಡರು, ಇದನ್ನು ಮೊದಲು ಹೇಳಬೇಕು. ಆದರೆ ಕೆಲವರ ತೊಂದರೆ ಎದ್ದು ಕಂಡದ್ದು ಮೊದಲ ವರ್ಷಕ್ಕಿಂತ ಎರಡನೆಯ ವರ್ಷದ ಕೊನೆಗೆ, ಬಂಧುಬಳಗ ತಮ್ಮ ತಮ್ಮ ಕೆಲಸಕ್ಕೆ ಹೋದ ಮೇಲೆ. ಮಗು ಹೇಗಿರುತ್ತದೆ ಎಂಬುದಕ್ಕೆ ಅವರು ಕಂಡ ದೊಡ್ಡ ಸುಳಿವು ಉಳಿದಿರುವ ಪೋಷಕರು ಹೇಗಿದ್ದಾರೆ ಎಂಬುದು. ಅಮ್ಮ ಕುಸಿದಿದ್ದರೆ ಮಗ ನಿಲ್ಲುವುದು ಕಷ್ಟ. ನಮ್ಮ ಎಷ್ಟೋ ಅಮ್ಮಂದಿರು ಕುಸಿಯಲು ಕೂಡ ಸಮಯ ಸಿಗದೆ ಗಾರ್ಮೆಂಟ್ಸ್ ಬಸ್ ಹತ್ತಿದರು.

ಇನ್ನೂ ಹಳೆಯದೊಂದು ಅಧ್ಯಯನವಿದೆ. ಲಂಡನ್ನಿನ ಮನೋವೈದ್ಯ ಜಾನ್ ಬೌಲ್ಬಿ 1944ರಲ್ಲಿ, ಕಳ್ಳತನಕ್ಕಾಗಿ ತಮ್ಮ ಚಿಕಿತ್ಸಾಲಯಕ್ಕೆ ಬಂದ 44 ಮಕ್ಕಳ ಬಗ್ಗೆ ಬರೆದರು. ಅವರಲ್ಲಿ 14 ಮಂದಿ ಯಾರನ್ನೂ ಹಚ್ಚಿಕೊಳ್ಳದ, ಏನೂ ತಟ್ಟದ ಮಕ್ಕಳು. ಆ 14ರಲ್ಲಿ 12 ಮಂದಿ ಎಳೆತನದಲ್ಲಿ ದೀರ್ಘಕಾಲ ತಾಯಿಯಿಂದ ದೂರವಾಗಿದ್ದವರು. ಸಣ್ಣ ಅಧ್ಯಯನ, ಅದರ ಮಿತಿಗಳ ಬಗ್ಗೆ ಆಮೇಲೆ ಸಾಕಷ್ಟು ಚರ್ಚೆಯಾಗಿದೆ. ಆದರೂ ಠಾಣೆಯ ಬೆಂಚಿನ ಮೇಲೆ ಕೂತ ಹುಡುಗನನ್ನು ‘ಏನು ಕದ್ದೆ?’ ಎಂದು ಕೇಳುವ ಜಾಗದಲ್ಲಿ ‘ಏನು ಕಳೆದುಕೊಂಡೆ?’ ಎಂದು ಕೇಳಿದವರು ಅವರು. ನಮ್ಮ ಊರಿನಲ್ಲಿ ಆ ಪ್ರಶ್ನೆ ಕೇಳುವವರು ಇಂದಿಗೂ ಬೆರಳೆಣಿಕೆ.

ಹುಡುಗರ ದುಃಖ ಕಣ್ಣಿಗೆ ಕಾಣುತ್ತದೆ, ಗಾಜು ಒಡೆಯುತ್ತದೆ, ಗಾಡಿ ಓಡಿಸುತ್ತದೆ. ಹುಡುಗಿಯರದು ಕಾಣುವುದಿಲ್ಲ, ಅದು ನನ್ನನ್ನು ಹೆಚ್ಚು ಕಾಡುತ್ತದೆ. ಅಮ್ಮ ಹೋದ ಮನೆಯಲ್ಲಿ ಹದಿಮೂರರ ಹುಡುಗಿ ಒಲೆಯ ಮುಂದೆ ನಿಲ್ಲುತ್ತಾಳೆ. ತಮ್ಮನಿಗೆ ಬುತ್ತಿ ಕಟ್ಟುತ್ತಾಳೆ, ಅಪ್ಪನ ಕುಡಿತ ಸಹಿಸುತ್ತಾಳೆ. ‘ಎಷ್ಟು ಜವಾಬ್ದಾರಿ ನೋಡಿ!’ ಎಂದು ನೆಂಟರು ಹೊಗಳುತ್ತಾರೆ. ಆ ಹೊಗಳಿಕೆಯಲ್ಲೇ ಅವಳ ಬಾಲ್ಯ ಮುಗಿಯುತ್ತದೆ. ಯಾರೋ ಒಬ್ಬ ಎರಡು ಮೃದು ಮಾತು ಆಡಿದರೆ ಅವಳು ಅವನ ಹಿಂದೆ ಹೊರಡುತ್ತಾಳೆ. ಆಗ ನಾವು ಅವಳ ನಡತೆಯ ಬಗ್ಗೆ ಮಾತಾಡುತ್ತೇವೆ. ಇಲ್ಲವೇ ‘ಮರ್ಯಾದೆ ಇರುವಾಗಲೇ’ ಎಂದು ಹದಿನೆಂಟು ತುಂಬುವ ಮೊದಲೇ ಒಂದು ಗಂಡು ನೋಡುತ್ತೇವೆ.

ಇಲ್ಲಿ ಪ್ರೀತಿ ಎಂಬ ಮಾತನ್ನು ಬಿಡಿಸಿ ನೋಡಬೇಕು. ಪ್ರೀತಿ ಸಿಕ್ಕರೆ ಮಕ್ಕಳು ಬದಲಾಗುತ್ತಾರೆ, ನಿಜ. ಆದರೆ ಯಾರ ಪ್ರೀತಿ ಮೊದಲು ತಲುಪುತ್ತದೆ ಎಂಬುದರ ಮೇಲೆ ಯಾವ ಕಡೆಗೆ ಬದಲಾಗುತ್ತಾರೆ ಎಂಬುದು ನಿಂತಿದೆ. ಪ್ರತಿ ಬಡಾವಣೆಯಲ್ಲೂ ಒಬ್ಬ ‘ಅಣ್ಣ’ ಇರುತ್ತಾನೆ. ಹುಡುಗನ ಹೆಸರು ಹಿಡಿದು ಕರೆಯುತ್ತಾನೆ, ಹೆಗಲ ಮೇಲೆ ಕೈ ಹಾಕುತ್ತಾನೆ, ‘ಊಟ ಆಯ್ತಾ?’ ಎನ್ನುತ್ತಾನೆ, ಬೈಕಿನ ಕೀಲಿ ಕೊಡುತ್ತಾನೆ. ಅಪ್ಪ ಹೋದ ಮೇಲೆ ಆ ಮಗುವಿಗೆ ‘ಊಟ ಆಯ್ತಾ’ ಎಂದು ಕೇಳಿದ ಮೊದಲ ಗಂಡಸು ಅವನೇ ಆಗಿದ್ದರೆ, ಆ ಮಗು ಅವನು ಹೇಳಿದ್ದನ್ನು ಮಾಡದೆ ಇರುವುದು ಹೇಗೆ? ಪೊಟ್ಟಣ ತಲುಪಿಸಿ ಬಾ ಎಂದರೆ ತಲುಪಿಸುತ್ತದೆ. 2025ರ ಜುಲೈನಲ್ಲಿ ಮುಂಬಯಿ ಪೊಲೀಸರು ಮೈಸೂರಿನ ರಿಂಗ್ ರಸ್ತೆಯ ಬಳಿಯ ಶೆಡ್ಡಿಗೆ ಬಂದು ಮೆಫೆಡ್ರೋನ್ ತಯಾರಿಕೆಯ ಜಾಲ ಹಿಡಿದಾಗ, ನಮ್ಮ ಊರಿನಲ್ಲಿ ಇಂಥದ್ದೆಲ್ಲ ಇಲ್ಲ ಎಂಬ ಹಮ್ಮು ಒಂದೇ ದಿನದಲ್ಲಿ ಇಳಿಯಿತು. ಆ ಮಾಲು ಹೊರರಾಜ್ಯಕ್ಕೆ ಹೋಗುತ್ತಿತ್ತೋ ಇಲ್ಲೇ ಉಳಿಯುತ್ತಿತ್ತೋ, ಅದು ತನಿಖೆಯ ಮಾತು. ಮಾರುವವನಿಗೆ ಬೇಕಾದ್ದು ಕೇಳುವವರಿಲ್ಲದ ಹುಡುಗ ಎಂಬುದು ಮಾತ್ರ ಎಲ್ಲ ಊರಿಗೂ ಒಂದೇ.

ಸರ್ಕಾರ ಏನೂ ಮಾಡಲಿಲ್ಲವೆಂದು ಹೇಳಿದರೆ ತಪ್ಪಾಗುತ್ತದೆ. 2021ರ ಮೇ ಕೊನೆಯಲ್ಲಿ ಕೇಂದ್ರ ಪಿಎಂ ಕೇರ್ಸ್ ಫಾರ್ ಚಿಲ್ಡ್ರನ್ ಘೋಷಿಸಿತು. ತಂದೆತಾಯಿ ಇಬ್ಬರನ್ನೂ, ಅಥವಾ ಉಳಿದಿದ್ದ ಒಬ್ಬರನ್ನೂ ಕಳೆದುಕೊಂಡ ಮಕ್ಕಳ ಹೆಸರಿನಲ್ಲಿ ಹಣವಿಟ್ಟು, ಹದಿನೆಂಟಕ್ಕೆ 10 ಲಕ್ಷದ ನಿಧಿಯಾಗುವಂತೆ ಮಾಡಿ, ಆಮೇಲೆ ತಿಂಗಳ ಭತ್ಯೆ, ಇಪ್ಪತ್ಮೂರಕ್ಕೆ ಪೂರ್ತಿ ಮೊತ್ತ. ರಾಜ್ಯದ ಬಾಲಸೇವಾ ಯೋಜನೆ ತಿಂಗಳಿಗೆ 3,500 ರೂಪಾಯಿ ಕೊಟ್ಟಿತು. ಮಿಷನ್ ವಾತ್ಸಲ್ಯದಡಿ ಪ್ರಾಯೋಜಕತ್ವಕ್ಕೆ 4,000 ಇದೆ. ಇವೆಲ್ಲ ಬೇಕಾದವೇ, ಹಸಿದ ಮನೆಯಲ್ಲಿ ಪ್ರೀತಿಯೂ ಒಣಗುತ್ತದೆ. ಆದರೆ ಅಪ್ಪ ಸತ್ತು ಅಮ್ಮ ಉಳಿದ ಮಗು ಕೇಂದ್ರದ ಆ ಯೋಜನೆಯ ಲೆಕ್ಕದಲ್ಲಿ ಅನಾಥವಲ್ಲ. ಹೀಗೆ ಪಟ್ಟಿಯಿಂದ ಹೊರಗೆ ಉಳಿದ ಮಕ್ಕಳೇ ಈಗ ಹಿಂದಿನ ಬೆಂಚಿನಲ್ಲಿ ಕೂತಿರುವವರು. ಇನ್ನೊಂದು ಅಪಾಯವನ್ನು ಈಗಲೇ ಹೇಳಿಬಿಡುತ್ತೇನೆ. ಹದಿನೆಂಟಾದ ದಿನ ಮಗುವಿನ ಹೆಸರಿನಲ್ಲಿ ಹಣವಿದೆ ಎಂದು ಗೊತ್ತಾದರೆ ಎಲ್ಲೆಲ್ಲಿಂದಲೋ ಚಿಕ್ಕಪ್ಪ, ಸೋದರಮಾವಂದಿರು ಹುಟ್ಟಿಕೊಳ್ಳುತ್ತಾರೆ. ಆ ದಿನ ಮಗುವಿನ ಪಕ್ಕದಲ್ಲಿ ಕೂರಲು, ಆಸೆಯಿಲ್ಲದ ಒಬ್ಬ ದೊಡ್ಡವರು ಬೇಕು. ಅಂಥವರು ಹದಿನೆಂಟರ ಹುಟ್ಟುಹಬ್ಬದಂದು ಹುಡುಕಿದರೆ ಸಿಗುವುದಿಲ್ಲ.

ಕಾನೂನು ಇನ್ನೊಂದು ಗಡುವು ಇಟ್ಟಿದೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, ಹದಿನಾರು ದಾಟಿದ ಮಗು ಘೋರ ಅಪರಾಧದ ಆರೋಪ ಹೊತ್ತರೆ, ಬಾಲನ್ಯಾಯ ಮಂಡಳಿ ಪ್ರಾಥಮಿಕ ಪರಿಶೀಲನೆ ಮಾಡಿ, ವಯಸ್ಕರಂತೆ ವಿಚಾರಣೆ ನಡೆಸಲು ಮಕ್ಕಳ ನ್ಯಾಯಾಲಯಕ್ಕೆ ಕಳಿಸಬಹುದು. ಅಂದರೆ ಹದಿನೈದರಲ್ಲಿ ಕೈಹಿಡಿದರೆ ಮಗು, ಹದಿನಾರೂವರೆಗೆ ಕೈಬಿಟ್ಟರೆ ಕಟಕಟೆ. ಈಗ ಉಳಿದಿರುವ ಅವಧಿ ಅಷ್ಟೇ.

ಇದನ್ನೆಲ್ಲ ನಾನು ಕಡತ ನೋಡಿ ಮಾತ್ರ ಬರೆಯುತ್ತಿಲ್ಲ. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಅಪ್ಪ ಹೋದರು. ಎದೆನೋವು ಎಂದರು, ಬೆಳಗಾಗುವಷ್ಟರಲ್ಲಿ ಮುಗಿದಿತ್ತು. ಬಂದವರೆಲ್ಲ ನನ್ನ ಭುಜ ತಟ್ಟಿ ‘ಇನ್ಮೇಲೆ ಮನೆಗೆ ನೀನೇ ಗಂಡಸು, ಅಳಬಾರದು’ ಎಂದರು. ನಾನು ಅಳಲಿಲ್ಲ. ಆರು ತಿಂಗಳಾದ ಮೇಲೆ ಶಾಲೆ ತಪ್ಪಿಸಿ ದೊಡ್ಡಕೆರೆ ಮೈದಾನದಲ್ಲಿ ಅಲೆಯತೊಡಗಿದೆ. ಅಮ್ಮನಿಗೆ ಎದುರು ಮಾತಾಡಿದೆ. ಯಾರೋ ಹುಡುಗ ‘ನಿಮ್ಮಪ್ಪ’ ಎಂದು ಬಾಯಿ ತೆರೆದದ್ದಕ್ಕೆ ಅವನ ತುಟಿ ಒಡೆದೆ, ಅವನು ಏನು ಹೇಳಲು ಹೊರಟಿದ್ದನೋ ಇವತ್ತಿಗೂ ಗೊತ್ತಿಲ್ಲ. ಶಾಲೆಯಲ್ಲಿ ನನ್ನನ್ನು ಬಾಗಿಲ ಹೊರಗೆ ನಿಲ್ಲಿಸುತ್ತಿದ್ದರು. ಹೊರಗೆ ನಿಂತು ನಿಂತು, ಹೊರಗೇ ನನ್ನ ಜಾಗವೆಂದು ಒಗ್ಗಿಹೋಗಿತ್ತು.

ಅಗ್ರಹಾರದ ಕಡೆ ಒಂದು ಸೈಕಲ್ ಶಾಪ್ ಇತ್ತು. ಅದರ ಯಜಮಾನರು ಒಂದು ಸಂಜೆ, ಬುದ್ಧಿವಾದವೇನೂ ಹೇಳದೆ, ‘ಔಟ್ ತೆಗೀಬೇಕು, ಸ್ವಲ್ಪ ರಿಮ್ ಹಿಡ್ಕೊ ಬಾರೋ’ ಎಂದು ಕರೆದರು. ಚಕ್ರ ತಿರುಗಿಸುತ್ತ, ಎಲ್ಲಿ ಉಜ್ಜುತ್ತದೆ ಎಂದು ನೋಡಿ, ಆ ಬದಿಯ ಕಡ್ಡಿಯನ್ನು ಕಾಲು ಸುತ್ತು ಸಡಿಲಿಸಿ, ಎದುರು ಬದಿಯದನ್ನು ಬಿಗಿ ಮಾಡಿ, ಮತ್ತೆ ತಿರುಗಿಸುವುದು. ಗಂಟೆಗಟ್ಟಲೆ ಮಾತಿಲ್ಲ. ‘ನಾಳೆ ಐದಕ್ಕೆ ಬಾ’ ಎಂದರು. ಐದೂಕಾಲಿಗೆ ಹೋದರೆ ‘ಐದು ಅಂದಿದ್ದೆ’ ಎಂದು ಬೆನ್ನು ತಿರುಗಿಸಿದರು. ಮರುದಿನ ಐದಕ್ಕೇ ಹೋದೆ. ಒಂದು ತಿಂಗಳಾದ ಮೇಲೆ ಚಿಲ್ಲರೆ ಡಬ್ಬಿಯಿಂದ ಇಪ್ಪತ್ತು ರೂಪಾಯಿ ಕದ್ದೆ. ಅವರಿಗೆ ಗೊತ್ತಾಯಿತು. ಅಮ್ಮನಿಗೆ ಹೇಳಲಿಲ್ಲ, ಸುಮ್ಮನೆ ಬಿಡಲೂ ಇಲ್ಲ. ಎರಡು ಭಾನುವಾರ ಪೂರ್ತಿ ಸೀಮೆಎಣ್ಣೆಯಲ್ಲಿ ಬೇರಿಂಗ್ ತೊಳೆಸಿದರು, ಕೂಲಿ ಕೊಡಲಿಲ್ಲ. ಮೂರನೇ ಭಾನುವಾರ ‘ಊಟಕ್ಕೆ ಹೋಗಿ ಬರ್ತೀನಿ, ಡಬ್ಬಿ ನೋಡ್ಕೊ’ ಎಂದು ಎದ್ದು ಹೋದರು. ಮಳೆ ಬರುತ್ತಿದ್ದ ಇನ್ನೊಂದು ಸಂಜೆ, ಕೆಲಸದ ನಡುವೆ, ತಲೆಯೆತ್ತದೆ ಅವರು ಹೇಳಿದರು: ‘ನಿಮ್ಮಪ್ಪ ಬಂದ್ರೆ ಹಿಂದಿನ ಚಕ್ರಕ್ಕೇ ಮೊದಲು ಗಾಳಿ ಹೊಡಿಸ್ತಿದ್ರು. ಯಾಕೆ ಅಂತ ಒಂದಿನ ಕೇಳಿದೆ. ಹಿಂದೆ ನನ್ನ ಮಗ ಕೂರ್ತಾನೆ ಅಂದ್ರು.’

ಅಪ್ಪನ ಬಗ್ಗೆ ದನಿ ತಗ್ಗಿಸದೆ ಮಾತಾಡಿದ ಮೊದಲ ಮನುಷ್ಯ ಅವರು. ನಾನು ಅಲ್ಲೇ, ಗ್ರೀಸ್ ಕೈಯಲ್ಲೇ ಅತ್ತೆ. ಅವರು ಚಕ್ರ ತಿರುಗಿಸುತ್ತಲೇ ಇದ್ದರು. ಆ ವರ್ಷ ನಾನು ಪಾಸಾದೆ ಎಂಬುದು ಅಷ್ಟು ಮುಖ್ಯವಲ್ಲ. ಅಮ್ಮನ ಜೊತೆ ಕೂತು ಊಟ ಮಾಡತೊಡಗಿದೆ.

ಆ ಯಜಮಾನರು ಮಾಡಿದ್ದಕ್ಕೆ ಆಧಾರವಿದೆ ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಇರ್ವಿನ್ ಸ್ಯಾಂಡ್ಲರ್ ಮತ್ತು ಅವರ ತಂಡದ ಕೆಲಸ ಓದಿದಾಗ. ಎಂಟರಿಂದ ಹದಿನಾರು ವಯಸ್ಸಿನ, ಅಪ್ಪ ಅಥವಾ ಅಮ್ಮ ತೀರಿಕೊಂಡ ಮಕ್ಕಳ ಮನೆಗಳ ಜೊತೆ ಅವರು ಹನ್ನೆರಡು ಗುಂಪು ಭೇಟಿಗಳ ಕಾರ್ಯಕ್ರಮ ನಡೆಸಿದರು. ಉಳಿದಿರುವ ಪೋಷಕರಿಗೆ ಕಲಿಸಿದ್ದು ದೊಡ್ಡ ತತ್ವವನ್ನೇನಲ್ಲ. ಮಗುವಿಗೆಂದೇ ಸ್ವಲ್ಪ ಹೊತ್ತು ಎತ್ತಿಡುವುದು, ತಡೆಯದೆ ಕೇಳಿಸಿಕೊಳ್ಳುವುದು, ಒಂದೇ ರೀತಿಯ ಕಟ್ಟುಪಾಡು ಬಿಡದೆ ನಡೆಸುವುದು. ಆರು ವರ್ಷದ ಮೇಲೆ, ಹದಿನೈದು ವರ್ಷದ ಮೇಲೆ ಹೋಗಿ ನೋಡಿದಾಗಲೂ ಅದರ ಫಲ ಉಳಿದಿತ್ತು. ಬೆಚ್ಚಗಿನ ಮಾತು, ಬದಲಾಗದ ನಿಯಮ, ಎರಡೂ ಒಟ್ಟಿಗೆ. ‘ಅಪ್ಪ ಇಲ್ಲದ ಮಗು, ಪಾಪ’ ಎಂದು ಕೇಳಿದ್ದೆಲ್ಲ ಕೊಡಿಸುವ ಅಜ್ಜಿ, ‘ಅಪ್ಪ ಇಲ್ಲ ಅಂತ ಸಲಿಗೆ ಕೊಟ್ರೆ ಹಾಳಾಗ್ತಾನೆ’ ಎಂದು ಬೆಲ್ಟ್ ಬಿಚ್ಚುವ ಚಿಕ್ಕಪ್ಪ, ಇಬ್ಬರದೂ ಕಾಳಜಿಯೇ. ಆದರೆ ಇಬ್ಬರೂ ಮಗುವಿನ ಅರ್ಧವನ್ನು ಮಾತ್ರ ನೋಡುತ್ತಿದ್ದಾರೆ.

ಪ್ರೀತಿ ಆಜ್ಞೆಯಾಗಿಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಕನ್ನಡದವರ ಕಣ್ಣಮುಂದೆ ಒಂದು ಚಿತ್ರವಿದೆ. ತರಾಸು ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲ್ 1972ರಲ್ಲಿ ಮಾಡಿದ ‘ನಾಗರಹಾವು’. ಕಥೆ ಚಿತ್ರದುರ್ಗದ್ದು. ಆದರೆ ರಾಮಾಚಾರಿಯಾದ ವಿಷ್ಣುವರ್ಧನ್ ಹುಟ್ಟಿದ್ದು ಮೈಸೂರಿನಲ್ಲಿ, ಚಾಮಯ್ಯ ಮೇಷ್ಟ್ರಾದ ಕೆ.ಎಸ್. ಅಶ್ವಥ್ ಬಾಳಿದ್ದು, 2010ರಲ್ಲಿ ಕಣ್ಣುಮುಚ್ಚಿದ್ದು ಮೈಸೂರಿನಲ್ಲಿ. ಊರೆಲ್ಲ ಬೈದ ಹುಡುಗ ರಾಮಾಚಾರಿ ಆ ಒಬ್ಬ ಮೇಷ್ಟ್ರ ಮುಂದೆ ಮಾತ್ರ ಮೆತ್ತಗಾಗುತ್ತಾನೆ. ಯಾವುದಾದರೂ ಹುಡುಗ ದಾರಿ ತಪ್ಪಿದರೆ ಇಂದಿಗೂ ‘ಒಬ್ಬ ಚಾಮಯ್ಯ ಮೇಷ್ಟ್ರು ಸಿಕ್ಕಿದ್ದರೆ’ ಎನ್ನುತ್ತೇವೆ. ಆದರೆ ಚಿತ್ರದ ಉಳಿದ ಭಾಗವನ್ನು ಹೇಳುವುದಿಲ್ಲ. ಆ ಪ್ರೀತಿಯ ಋಣ ಹಿಡಿದು ಮೇಷ್ಟ್ರು ಹುಡುಗನಿಂದ ಅವನ ಒಲವನ್ನೇ ಬಿಡಿಸುತ್ತಾರೆ. ಅವನು ಪ್ರೀತಿಸಿದ ಅಲಮೇಲುವಿನ ಬಾಳು ಹಾಳಾಗುತ್ತದೆ, ಆ ಗಾಯ ಹುಡುಗನಲ್ಲಿ ಮಾಯುವುದೇ ಇಲ್ಲ. ಮೇಷ್ಟ್ರು ಕೆಟ್ಟವರಲ್ಲ. ‘ನಾನು ಹೇಳಿದರೆ ಅವನು ಕೇಳುತ್ತಾನೆ’ ಎಂಬ ನಂಬಿಕೆ, ಅವನು ಹೇಳುವುದನ್ನು ತಾವು ಕೇಳಬೇಕೆಂಬುದನ್ನು ಮರೆಸಿತು. ಹದಿಹರೆಯದ ಮೊದಲ ಒಲವನ್ನು ಕಂಡು ನಾವು ಇಂದು ಮಾಡುವುದೂ ಅದನ್ನೇ. ಅಮ್ಮನನ್ನು ಕಳೆದುಕೊಂಡ ಹುಡುಗ ತರಗತಿಯ ಗೆಳತಿಯೊಬ್ಬಳ ಜೊತೆ ಮಾತಾಡತೊಡಗಿ, ಅವಳಿಗೆ ಹೇಳಬೇಕೆಂದೇ ಓದತೊಡಗಿದರೆ, ಅದನ್ನು ಹಗರಣ ಮಾಡುವ ಮೊದಲು ಒಂದು ಗಳಿಗೆ ನಿಲ್ಲಬೇಕು. ಎಲ್ಲೆ ತಿಳಿಸಬೇಕು, ಕಾನೂನು ತಿಳಿಸಬೇಕು, ಕಣ್ಣಿಡಬೇಕು. ಆದರೆ ಬಹಳ ಕಾಲದ ಮೇಲೆ ತೆರೆದ ಬಾಗಿಲನ್ನು ಒದ್ದು ಮುಚ್ಚಬಾರದು.

ಮೈಸೂರಿಗೆ ಇದೇನೂ ಹೊಸ ಪಾಠವಲ್ಲ. ಇದು ಹಾಸ್ಟೆಲುಗಳ ಊರು. ಅದಕ್ಕೂ ಮೊದಲು ವಾರಾನ್ನದ ಊರು. ಹಳ್ಳಿಯಿಂದ ಓದಲು ಬಂದ ಬಡ ಹುಡುಗ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಏಳು ಮನೆ ಗೊತ್ತುಮಾಡಿಕೊಂಡು ಉಣ್ಣುತ್ತಿದ್ದ. ಅದರಲ್ಲಿ ಅವಮಾನವೂ ಇತ್ತು, ಜಾತಿಯ ಗೋಡೆಯಂತೂ ಇದ್ದೇ ಇತ್ತು. ಎಲ್ಲ ಹುಡುಗರಿಗೂ ಎಲ್ಲ ಮನೆಯ ಎಲೆ ಇರಲಿಲ್ಲ. ಆ ಗೋಡೆ ದಾಟಲೆಂದೇ ಹಾಸ್ಟೆಲುಗಳು ಹುಟ್ಟಿದವು. ಮರಿಮಲ್ಲಪ್ಪ ಹೈಸ್ಕೂಲಿನ ಮುಖ್ಯೋಪಾಧ್ಯಾಯರೂ ಪತ್ರಕರ್ತರೂ ಆಗಿದ್ದ ಎಂ. ವೆಂಕಟಕೃಷ್ಣಯ್ಯನವರನ್ನು ಊರು ‘ತಾತಯ್ಯ’ ಎಂದೇ ಕರೆಯಿತು, ಅನಾಥಾಲಯವನ್ನು ನಿಲ್ಲಿಸಿದ ಅವರಿಗೆ ‘ದಯಾಸಾಗರ’ ಎಂಬ ಬಿರುದು ಬಂತು. ಸುತ್ತೂರಿನ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಮೈಸೂರಿನಲ್ಲಿ ಬಡ ವಿದ್ಯಾರ್ಥಿಗಳಿಗೆ ಅನ್ನ, ನೆಲೆ ಕೊಟ್ಟದ್ದರಿಂದಲೇ ಮುಂದೆ ಅಷ್ಟು ದೊಡ್ಡ ವಿದ್ಯಾಪೀಠ ಬೆಳೆಯಿತು. ಕುವೆಂಪು ಅವರನ್ನು ನೆನೆಯಿರಿ. ಎಳೆತನದಲ್ಲೇ ತಂದೆಯನ್ನು ಕಳೆದುಕೊಂಡು ಮಲೆನಾಡಿನಿಂದ ಮೈಸೂರಿಗೆ ಓದಲು ಬಂದವರು. ಮುಂದೆ ತಾಯಿಯೂ ಇಲ್ಲವಾದರು. 1925ರಲ್ಲಿ ಆರಂಭವಾದ ಇಲ್ಲಿನ ರಾಮಕೃಷ್ಣಾಶ್ರಮದ ಸ್ವಾಮಿ ಸಿದ್ಧೇಶ್ವರಾನಂದರು ಆ ಒಂಟಿ ತರುಣನನ್ನು ಆಶ್ರಮಕ್ಕೆ ಕರೆದುಕೊಂಡರು. ಆ ಹೊತ್ತಿಗೆ ಅವರು ಹದಿಹರೆಯ ದಾಟಿದ್ದರು, ಪುಂಡರಂತೂ ಆಗಿರಲಿಲ್ಲ. ಆದರೂ 1937ರಲ್ಲಿ ಮದುವೆಯಾಗುವವರೆಗೆ ಆ ನೆಲೆ ಅವರಿಗೆ ಮನೆಯಾಗಿತ್ತು. ಕನ್ನಡಕ್ಕೆ ಸಿಕ್ಕ ಎಷ್ಟು ಪುಟಗಳು ಆ ಆಸರೆಗೆ ಋಣಿಯಾಗಿವೆಯೋ ಲೆಕ್ಕ ಹಾಕಿದವರಿಲ್ಲ.

ಇವತ್ತು ಅನ್ನಕ್ಕೆ ಅಷ್ಟು ಕೊರತೆಯಿಲ್ಲ. ಕೊರತೆ ಇರುವುದು ಸಂಜೆಗಳಿಗೆ. ವಾರಾನ್ನದ ಹಾಗೆ ವಾರಕ್ಕೊಂದು ಸಂಜೆಯನ್ನು ಒಂದು ಮಗುವಿಗೆಂದು ಎತ್ತಿಡುವ ಮನೆಗಳು ಈ ಊರಿನಲ್ಲಿ ಸಿಗುವುದಿಲ್ಲವೆ? ನಿವೃತ್ತರಾದ ಮೇಷ್ಟ್ರುಗಳಿದ್ದಾರೆ, ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ದುಡಿದ ಕೈಗಳಿವೆ, ಮಕ್ಕಳು ವಿದೇಶಕ್ಕೆ ಹೋಗಿ ಎರಡು ಅಂತಸ್ತಿನ ಮನೆಯಲ್ಲಿ ಇಬ್ಬರೇ ಉಳಿದ ದಂಪತಿಗಳಿದ್ದಾರೆ. ಈ ಸಂಜೆಗಳಿಗೆ ಕಾವಲೂ ಬೇಕು, ಅದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಪ್ರೀತಿಯ ಹೆಸರಿನಲ್ಲಿ ಮಕ್ಕಳ ಬಳಿ ಬರುವವರೆಲ್ಲ ಒಳ್ಳೆಯವರಲ್ಲವೆಂದು, 1990ರಿಂದ ಇದೇ ಊರಿನಲ್ಲಿ ದುಡಿಯುತ್ತಿರುವ ಒಡನಾಡಿಯಂಥ ಸಂಸ್ಥೆಗಳ ಬಳಿ ಆಶ್ರಯ ಕೇಳಿ ಬಂದ ಮಕ್ಕಳನ್ನು ಕಂಡ ಯಾರಿಗೂ ಗೊತ್ತು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮೂಲಕ, ಪರಿಶೀಲನೆ ಆಗಿ, ತೆರೆದ ಬಾಗಿಲಿನ ಜಾಗದಲ್ಲಿ ನಡೆಯಬೇಕು. ಶಾಲೆ ಬಿಟ್ಟ ಮಕ್ಕಳನ್ನು ಕೂರಿಸಿಕೊಂಡು ಕಲಿಸುವ, ಕೆಂಚಲಗೂಡಿನ ‘ಕಲಿಯುವ ಮನೆ’ಯಂಥ ಜಾಗಗಳಲ್ಲಿ ಕೇಳಿದರೆ ಮಗು ನಂಬಲು ಎಷ್ಟು ಕಾಲ ಬೇಕು, ಎಷ್ಟು ಸಲ ಪರೀಕ್ಷಿಸುತ್ತದೆ ಎಂದು ಹೇಳಿಯಾರು. ಒಂದು ತಿಂಗಳು ಬಂದು ನ್ಯೂಸ್ ಪೇಪರಿಗೆ ಫೋಟೊ ಕೊಟ್ಟು ಹೋಗುವವರು ದಯವಿಟ್ಟು ಬರುವುದೇ ಬೇಡ. ಒಮ್ಮೆ ಕಳೆದುಕೊಂಡ ಮಗುವಿಗೆ ಎರಡನೇ ಸಲ ಕಳೆದುಕೊಳ್ಳುವುದನ್ನು ಕಲಿಸಬಾರದು.

ಇದಕ್ಕೆಲ್ಲ ಮನೋವೈದ್ಯರು ಎಲ್ಲಿದ್ದಾರೆ ಎಂದು ಕೇಳುವವರಿಗೆ ನಮ್ಮದೇ ರಾಜ್ಯದ ಉತ್ತರವಿದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೆ, ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮಾನಸಿಕ ಆರೋಗ್ಯವನ್ನು ಹಳ್ಳಿಗೆ ಒಯ್ದಿತು. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಎಲ್ಲ ದುಃಖವೂ ಕಾಯಿಲೆಯಲ್ಲ. ಆದರೆ ಮಗು ನಿದ್ದೆ ಬಿಟ್ಟಿದ್ದರೆ, ಮೈಗೆ ಗಾಯ ಮಾಡಿಕೊಳ್ಳುತ್ತಿದ್ದರೆ, ‘ನಾನೂ ಅಪ್ಪನ ಹತ್ತಿರ ಹೋಗ್ತೀನಿ’ ಎಂದಿದ್ದರೆ, ಅದು ಸೈಕಲ್ ಶಾಪಿನಲ್ಲಿ ಬಗೆಹರಿಯುವ ಮಾತಲ್ಲ. ಅಂದೇ ವೈದ್ಯರ ಬಳಿ ಕರೆದೊಯ್ಯಬೇಕು. ಟೆಲಿ ಮನಸ್ 14416 ಹಗಲೂ ರಾತ್ರಿ ಕನ್ನಡದಲ್ಲಿ ಮಾತಾಡುತ್ತದೆ, ಮಕ್ಕಳ ಸಹಾಯವಾಣಿ 1098 ಇದೆ, ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮವಿದೆ.

ಉಳಿದದ್ದು ಶಾಲೆಗಳ ಕೈಯಲ್ಲಿದೆ, ಮತ್ತು ಹೆಚ್ಚು ಖರ್ಚಿಲ್ಲದ್ದು. ಪ್ರತಿ ತರಗತಿಯ ಮೇಷ್ಟ್ರು ತಮ್ಮ ಹಾಜರಿ ಪುಸ್ತಕದ ಕೊನೆಯ ಪುಟದಲ್ಲಿ, ತಮಗೆ ಮಾತ್ರ ತಿಳಿಯುವಂತೆ, ಯಾವ ಮಗು ಯಾರನ್ನು ಯಾವ ದಿನ ಕಳೆದುಕೊಂಡಿತು ಎಂದು ಬರೆದಿಟ್ಟುಕೊಳ್ಳಲಿ. ಕೋವಿಡ್ ಒಂದೇ ಅಲ್ಲ. ರಸ್ತೆ ಅಪಘಾತ, ಕ್ಯಾನ್ಸರ್, ಆತ್ಮಹತ್ಯೆ ಯಾವುದಾದರೂ. ಬೇಸಿಗೆಯಲ್ಲಿ ರಂಗಾಯಣದ ಚಿನ್ನರ ಮೇಳ ನಡೆಯುವ ತಿಂಗಳುಗಳೇ ಈ ಮಕ್ಕಳಿಗೆ ಭಾರವಾದ ತಿಂಗಳುಗಳು. ಅಲ್ಲಿ, ಊರಿನ ಎಲ್ಲ ಬೇಸಿಗೆ ಶಿಬಿರಗಳಲ್ಲಿ, ಇಂಥ ಮಕ್ಕಳಿಗೆ ಶುಲ್ಕವಿಲ್ಲದೆ, ಯಾರಿಗೂ ಗೊತ್ತಾಗದಂತೆ ಕೆಲವು ಜಾಗ ಇಡಲಿ. ಮುಖಕ್ಕೆ ಬಣ್ಣ ಹಚ್ಚಿಕೊಂಡ ಮಗು, ತನ್ನ ಮುಖದಲ್ಲಿ ಹೇಳಲಾರದ್ದನ್ನು ಇನ್ನೊಬ್ಬರ ಮುಖದಲ್ಲಿ ಹೇಳಿಬಿಡುತ್ತದೆ.

ದಸರೆಯ ದೀಪಗಳನ್ನು ಊರು ಕಟ್ಟುತ್ತಿರುವಾಗ, ಅದರ ಹಿಂದಿನ ಅಮಾವಾಸ್ಯೆಗೆ ನಮ್ಮ ಕೇರಿಗಳಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ಹೋದವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಬಡಿಸುತ್ತಾರೆ, ಬೀಡಿ ಸೇದುತ್ತಿದ್ದವರಿಗೆ ಬೀಡಿಯನ್ನೂ ಇಡುತ್ತಾರೆ. ಆ ದಿನ ಮಗುವನ್ನು ಅಂಗಡಿಗೆ ಕಳಿಸುವ ಬದಲು ಎಲೆಯ ಮುಂದೆ ಕೂರಿಸಿಕೊಂಡು, ‘ನಿಮ್ಮಪ್ಪನಿಗೆ ಏನಿಡೋಣ?’ ಎಂದು ಕೇಳಿದರೆ ಸಾಕು. ಅದಕ್ಕೆ ಗೊತ್ತಿರುತ್ತದೆ. ಐದು ವರ್ಷದಿಂದ ಯಾರೂ ಕೇಳಿಲ್ಲವೆಂದು ಹೇಳದೆ ಇಟ್ಟುಕೊಂಡಿರುತ್ತದೆ.